ಕೂದಲಿಗೆ ಆದ ಗಾಯ ಮಾಯುವುದಿಲ್ಲ: ದಿನನಿತ್ಯದ ಆರೈಕೆ ಹೇಗಿರಬೇಕು?

ಉದ್ದ ಕೂದಲಿರುವವರು ಜಡೆಯ ತುದಿಯನ್ನು ಒಮ್ಮೆ ಬೆರಳಲ್ಲಿ ಹಿಡಿದು ನೋಡಿ. ಬುಡದ ಹತ್ತಿರ ಕೂದಲು ನುಣುಪಾಗಿರುತ್ತದೆ, ತುದಿ ಒರಟಾಗಿರುತ್ತದೆ. ಹೆಚ್ಚುಕಡಿಮೆ ಎಲ್ಲರಿಗೂ ಹೀಗೇ. ಕಾರಣ ಸರಳ, ತುದಿಗೆ ವಯಸ್ಸಾಗಿದೆ. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ಸೊಂಟದ ಕಡೆ ಇಳಿಯುವ ಕೂದಲು 70 ಸೆಂ.ಮೀ. ಇದೆ ಅಂದುಕೊಳ್ಳಿ. ಅದರ ತುದಿ ತಲೆಯಿಂದ ಹೊರಬಂದು ಹತ್ತಿರಹತ್ತಿರ 6 ವರ್ಷ ಆಗಿರುತ್ತದೆ. ಅಷ್ಟರಲ್ಲಿ ಅದು ನೂರಾರು ತಲೆಸ್ನಾನ ಕಂಡಿದೆ. ಸಾವಿರಾರು ಸಲ ಬಾಚಣಿಗೆಗೆ ಸಿಕ್ಕಿದೆ. ಬಿಸಿಲಲ್ಲಿ ಒಣಗಿದೆ, ದಿಂಬಿಗೆ ಉಜ್ಜಿಕೊಂಡಿದೆ.

ಆ ಸವೆತವೆಲ್ಲ ಅದರ ಮೇಲೆ ಹಾಗೇ ಉಳಿದಿದೆ. ಯಾಕಂದರೆ ಚರ್ಮದಿಂದ ಹೊರಬಂದ ಕೂದಲಿಗೆ ಜೀವ ಇಲ್ಲ. ಅದರಲ್ಲಿ ರಕ್ತ ಹರಿಯುವುದಿಲ್ಲ, ನರ ಇಲ್ಲ, ಜೀವಂತ ಕೋಶಗಳೂ ಇಲ್ಲ. ಕೈಗೆ ಗಾಯವಾದರೆ ದೇಹ ಹೊಸ ಚರ್ಮ ಕಟ್ಟುತ್ತದೆ. ಕೂದಲಿನ ಮಧ್ಯದಲ್ಲಿ ಪೆಟ್ಟಾದರೆ ಅಲ್ಲಿಗೆ ಹೋಗಿ ರಿಪೇರಿ ಮಾಡುವ ದಾರಿಯೇ ದೇಹಕ್ಕೆ ಇಲ್ಲ. ಜೀವ ಇರುವುದು ಚರ್ಮದ ಒಳಗಿನ ಬುಡದಲ್ಲಿ, ಫಾಲಿಕಲ್ ಎನ್ನುವ ಪುಟ್ಟ ಚೀಲದಲ್ಲಿ ಮಾತ್ರ.

ಈ ಒಂದು ವಿಷಯ ಮನಸ್ಸಿಗೆ ಬಂದರೆ ಕೂದಲ ಆರೈಕೆಯ ಮುಕ್ಕಾಲು ಗೊಂದಲ ಕಳೆಯುತ್ತದೆ. ಇಲ್ಲಿರುವುದು ಎರಡು ಬೇರೆ ಬೇರೆ ಕೆಲಸ. ಬುಡಕ್ಕೆ ಬೇಕಾದ್ದು ಊಟ, ನಿದ್ದೆ, ಆರೋಗ್ಯ. ಅದು ಒಳಗಿನಿಂದ ಸಿಗಬೇಕು. ಹೊರಗಿನ ಎಳೆಗೆ ಬೇಕಾದ್ದು ರಕ್ಷಣೆ. ಅದಕ್ಕೆ 'ಪೋಷಣೆ' ಕೊಡುತ್ತೇವೆ ಎನ್ನುವ ಮಾತು ಕೇಳಲು ಚೆನ್ನಾಗಿದೆ, ಆದರೆ ಜೀವ ಇಲ್ಲದ್ದು ಊಟ ಮಾಡುವುದಿಲ್ಲ. ಕೂದಲನ್ನು ಉಣ್ಣೆಯ ಬಟ್ಟೆಯ ಹಾಗೆ ನೋಡುವುದು ಒಳ್ಳೆಯದು. ಉಣ್ಣೆಯೂ ಒಂದು ಬಗೆಯ ಕೂದಲೇ, ಅದೂ ಕೆರಾಟಿನ್ ಎನ್ನುವ ಪ್ರೋಟೀನಿನಿಂದಲೇ ಆಗಿದೆ. ಒಳ್ಳೆಯ ಉಣ್ಣೆ ಬಟ್ಟೆಯನ್ನು ಯಾರೂ ಬಿಸಿನೀರಲ್ಲಿ ತಿಕ್ಕಿ, ಹಿಂಡಿ, ಕಾದ ಇಸ್ತ್ರಿಪೆಟ್ಟಿಗೆ ಒತ್ತುವುದಿಲ್ಲ ಅಲ್ವಾ?

ಎಳೆಯ ಒಳಗೆ ಏನಿದೆ?

ಕೂದಲಿನ ಒಂದು ಎಳೆಯ ದಪ್ಪ ಸುಮಾರು 0.05ರಿಂದ 0.1 ಮಿ.ಮೀ. ಅಷ್ಟು ಸಣ್ಣದರಲ್ಲೂ ಎರಡು ಮುಖ್ಯ ಭಾಗಗಳಿವೆ. ಒಳಗಿರುವುದು ಕಾರ್ಟೆಕ್ಸ್. ಕೆರಾಟಿನ್ನಿನ ಉದ್ದುದ್ದ ನಾರುಗಳು ಇಲ್ಲಿ ಒತ್ತಾಗಿ ಸೇರಿಕೊಂಡಿವೆ. ಕೂದಲಿನ ಬಲ, ಹಿಗ್ಗುವ ಗುಣ, ಬಣ್ಣ ಎಲ್ಲ ಇರುವುದು ಇಲ್ಲೇ. ಹೊರಗಿರುವುದು ಕ್ಯೂಟಿಕಲ್. ಬಹಳ ತೆಳ್ಳಗಿನ ಚಪ್ಪಟೆ ಪೊರೆಗಳು ಒಂದರ ಮೇಲೊಂದು ಅರ್ಧ ಮುಚ್ಚಿಕೊಂಡು ಕೂತಿರುತ್ತವೆ. ತಲೆಗೂದಲಿನಲ್ಲಿ ಸಾಮಾನ್ಯವಾಗಿ 5ರಿಂದ 10 ಪದರ ಇರುತ್ತದೆ. ಈ ಪೊರೆಗಳ ಅಂಚು ತುದಿಯ ಕಡೆಗೆ ಮುಖ ಮಾಡಿದೆ. ಒಂದು ಎಳೆಯನ್ನು ಹಿಡಿದು ಬುಡದಿಂದ ತುದಿಗೆ ಬೆರಳು ಎಳೆಯಿರಿ, ನುಣುಪು. ತುದಿಯಿಂದ ಬುಡಕ್ಕೆ ಎಳೆಯಿರಿ, ಸ್ವಲ್ಪ ತಡೆಯುತ್ತದೆ.

ಕ್ಯೂಟಿಕಲ್ ಮೇಲೆ ಇನ್ನೊಂದು ಕಾವಲೂ ಇದೆ. ಕೊಬ್ಬಿನ ಆಮ್ಲದ ಅತಿ ತೆಳುವಾದ ಒಂದು ಹೊದಿಕೆ ಅದು. ನೀರು ಸುಲಭವಾಗಿ ಒಳಗೆ ನುಗ್ಗದಂತೆ ತಡೆಯುತ್ತದೆ, ಎಳೆಗೆ ಎಳೆ ತಿಕ್ಕದಂತೆ ಜಾರಿಸುತ್ತದೆ. ಇದು ಎಣ್ಣೆಯ ಹಾಗೆ ಮೇಲೆ ಸವರಿದ್ದಲ್ಲ, ಕೂದಲಿಗೇ ರಾಸಾಯನಿಕವಾಗಿ ಅಂಟಿಕೊಂಡಿದೆ. ಹಾಗಾಗಿ ಮಾಮೂಲಿ ಶಾಂಪೂ ಅದನ್ನು ಒಂದೇ ಸಲಕ್ಕೆ ಕಿತ್ತುಹಾಕುವುದಿಲ್ಲ. ಬ್ಲೀಚ್, ಕೂದಲ ಬಣ್ಣದಂಥವು ಕೀಳುತ್ತವೆ. ಒಮ್ಮೆ ಹೋದರೆ ಆ ಎಳೆಯಲ್ಲಿ ಅದು ಮತ್ತೆ ಬೆಳೆಯುವುದಿಲ್ಲ.

ಕೂದಲು ಹಾಳಾಗುವ ಕ್ರಮ ಸಾಮಾನ್ಯವಾಗಿ ಹೊರಗಿನಿಂದ ಒಳಕ್ಕೆ. ಮೊದಲು ಕೊಬ್ಬಿನ ಹೊದಿಕೆ ಹೋಗುತ್ತದೆ. ಆಮೇಲೆ ಪೊರೆಗಳ ಅಂಚು ಎದ್ದು, ಮುರಿದು, ಉದುರುತ್ತದೆ. ಆಗಲೇ ಹೊಳಪು ಕಡಿಮೆಯಾಗುವುದು, ಸಿಕ್ಕು ಜಾಸ್ತಿಯಾಗುವುದು. ಪೊರೆ ಪೂರ್ತಿ ಹೋದ ಕಡೆ ಕಾರ್ಟೆಕ್ಸ್ ಬಯಲಾಗುತ್ತದೆ. ಅದರ ನಾರುಗಳು ಬಿಚ್ಚಿಕೊಂಡರೆ ಅದೇ ಸೀಳಿದ ತುದಿ. ಸೀಳಿದ ತುದಿಯನ್ನು ಮತ್ತೆ ಬೆಸೆಯುವ ಸೀರಮ್ ಯಾವುದೂ ಇಲ್ಲ. ಕೆಲವು ಸೀರಮ್‌ಗಳು ಮುಂದಿನ ಸ್ನಾನದವರೆಗೆ ಅಂಟಿಸಿಡುತ್ತವೆ, ಅಷ್ಟೇ. ಕತ್ತರಿಯೇ ಅದಕ್ಕೆ ಔಷಧ. ಕತ್ತರಿಸಿದರೆ ಕೂದಲು ಬೇಗ ಬೆಳೆಯುತ್ತದೆ ಎನ್ನುವುದು ಮಾತ್ರ ನಿಜವಲ್ಲ. ತುದಿಯಲ್ಲಿ ಏನಾಯಿತು ಅಂತ ಬುಡಕ್ಕೆ ಗೊತ್ತಾಗುವುದೇ ಇಲ್ಲ. ಸೀಳು ಮೇಲಕ್ಕೆ ಏರುವ ಮೊದಲೇ ಕತ್ತರಿಸಿದರೆ ಇರುವ ಉದ್ದ ಉಳಿಯುತ್ತದೆ, ಲಾಭ ಅದು.

ಒದ್ದೆ ಕೂದಲೇ ಅತಿ ನಾಜೂಕು

ಕೆರಾಟಿನ್ ನಾರುಗಳನ್ನು ಹಿಡಿದಿಟ್ಟಿರುವುದು ಮುಖ್ಯವಾಗಿ ಎರಡು ಬಗೆಯ ಬಂಧ. ಡೈಸಲ್ಫೈಡ್ ಬಂಧಗಳು ಗಟ್ಟಿ, ನೀರಿಗೆ ಬಗ್ಗುವುದಿಲ್ಲ. ಹೈಡ್ರೋಜನ್ ಬಂಧಗಳು ದುರ್ಬಲ, ಆದರೆ ಸಂಖ್ಯೆಯಲ್ಲಿ ಬಹಳ. ನೀರು ತಾಗಿದ ಕೂಡಲೇ ಇವು ಬಿಡಿಸಿಕೊಳ್ಳುತ್ತವೆ, ಒಣಗಿದಾಗ ಮತ್ತೆ ಕೂಡಿಕೊಳ್ಳುತ್ತವೆ. ಒದ್ದೆ ಕೂದಲನ್ನು ಸುತ್ತಿಟ್ಟರೆ ಒಣಗಿದ ಮೇಲೆ ಅಲೆಅಲೆಯಾಗಿ ನಿಲ್ಲುವುದು ಇದರಿಂದಲೇ.

ಕೂದಲು ತನ್ನ ತೂಕದ ಸುಮಾರು 30%ರಷ್ಟು ನೀರು ಹೀರಬಲ್ಲದು. ಆಗ ಅದರ ದಪ್ಪ ಸುಮಾರು 15% ಹೆಚ್ಚುತ್ತದೆ. ಒಳಗಿನ ಕಾರ್ಟೆಕ್ಸ್ ಊದಿದಾಗ ಹೊರಗಿನ ಪೊರೆಗಳು ಸ್ವಲ್ಪ ಎದ್ದುಕೊಳ್ಳುತ್ತವೆ. ಇದೇ ಹೊತ್ತಿಗೆ ಎಳೆ ಒಣಗಿದ್ದಾಗಿಗಿಂತ ಸುಲಭವಾಗಿ ಹಿಗ್ಗುತ್ತದೆ, ಸುಲಭವಾಗಿ ತುಂಡಾಗುತ್ತದೆ. ಅಂದರೆ ಸ್ನಾನ ಮುಗಿದ ಮೊದಲ ಹತ್ತಿಪ್ಪತ್ತು ನಿಮಿಷದಲ್ಲೇ ಕೂದಲಿಗೆ ಅಪಾಯ ಜಾಸ್ತಿ. ನಾವು ಟವೆಲ್ಲಿನಿಂದ ಗಸಗಸ ಉಜ್ಜುವುದು, ಅವಸರದಲ್ಲಿ ಬಾಚುವುದು, ಬಿಗಿಯಾಗಿ ಕಟ್ಟುವುದು ಎಲ್ಲ ಆಗಲೇ. ಬದಲಾಯಿಸಬೇಕಾದ ಅಭ್ಯಾಸ ಒಂದೇ ಆರಿಸಿಕೊಳ್ಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಹಣ ಬೇಡ, ಹೊಸ ಬಾಟಲಿ ಬೇಡ, ಸ್ವಲ್ಪ ಸಾವಧಾನ ಸಾಕು.

ಟವೆಲ್ಲಿನಲ್ಲಿ ಕೂದಲನ್ನು ಒತ್ತಿ ನೀರು ಹೀರಿಸಿ, ಉಜ್ಜಬೇಡಿ. ಮೆತ್ತಗಿನ ಹಳೇ ಹತ್ತಿಯ ಟೀ ಶರ್ಟ್ ಇದಕ್ಕೆ ಚೆನ್ನಾಗಿ ಆಗುತ್ತದೆ, ಅದರಲ್ಲಿ ಟವೆಲ್ಲಿನ ಹಾಗೆ ಕೂದಲನ್ನು ಹಿಡಿದೆಳೆಯುವ ದಾರದ ಕುಣಿಕೆಗಳಿಲ್ಲ. ನೇರ ಕೂದಲಿನವರು ಸ್ವಲ್ಪ ಆರಿದ ಮೇಲೆ ಬಾಚಿ. ಗುಂಗುರು ಕೂದಲಿನ ಲೆಕ್ಕ ಬೇರೆ. ಅದು ಒಣಗಿದಾಗ ಬಾಚಿದರೇ ಹೆಚ್ಚು ಮುರಿಯುತ್ತದೆ. ಹಾಗಾಗಿ ಕಂಡಿಷನರ್ ಹಚ್ಚಿ ಜಾರುವಂತಿರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ಬಿಡಿಸುವುದು ಮೇಲು.

ಬಾಚುವುದು ಯಾವ ಕೂದಲಿಗಾದರೂ ತುದಿಯಿಂದ ಶುರುವಾಗಬೇಕು. ಬುಡದಿಂದ ಎಳೆದರೆ ದಾರಿಯ ಸಿಕ್ಕುಗಳೆಲ್ಲ ಕೆಳಗೆ ಹೋಗಿ ಒಂದೇ ಗಂಟಾಗುತ್ತವೆ. ಕೊನೆಗೆ ಗಂಟು ಬಿಚ್ಚುವುದಿಲ್ಲ, ಕೂದಲು ತುಂಡಾಗುತ್ತದೆ. ತುದಿಯ ನಾಲ್ಕು ಬೆರಳು ಬಿಡಿಸಿ, ಆಮೇಲೆ ಅದರ ಮೇಲಿನ ನಾಲ್ಕು ಬೆರಳು, ಹೀಗೆ ಮೇಲಕ್ಕೆ ಹೋಗಿ. ಸಿಕ್ಕಿನ ಮೇಲ್ಭಾಗವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರೆ ಬುಡಕ್ಕೆ ಎಳೆತ ಹೋಗುವುದಿಲ್ಲ. ದಿನಕ್ಕೆ ನೂರು ಸಲ ಬಾಚಿದರೆ ಕೂದಲು ಹೊಳೆಯುತ್ತದೆ ಎನ್ನುವ ಹಳೇ ಮಾತನ್ನು ಬಿಟ್ಟುಬಿಡಿ. ಪ್ರತಿ ಬಾಚುವಿಕೆಯೂ ಒಂದು ತಿಕ್ಕಾಟವೇ.

ತೊಳೆಯುವುದು, ಎಣ್ಣೆ, ಕಂಡಿಷನರ್

ಶಾಂಪೂ ಕೂದಲಿಗಿಂತ ಹೆಚ್ಚಾಗಿ ತಲೆಯ ಚರ್ಮಕ್ಕೆ ಬೇಕಾದ್ದು. ಜಿಡ್ಡು, ಬೆವರು, ಸತ್ತ ಚರ್ಮ ಸೇರುವುದು ಅಲ್ಲಿ. ಹಾಗಾಗಿ ಶಾಂಪೂವನ್ನು ಬುಡಕ್ಕೆ ಹಚ್ಚಿ, ಉಗುರು ತಾಗಿಸದೆ ಬೆರಳ ತುದಿಯಿಂದ ತಿಕ್ಕಿ. ನೀರು ಹಾಕುವಾಗ ಇಳಿಯುವ ನೊರೆಯೇ ಉದ್ದದ ಕೂದಲಿಗೆ ಸಾಕು. ಉದ್ದ ಕೂದಲನ್ನು ತಲೆಯ ಮೇಲೆ ರಾಶಿ ಹಾಕಿ ಬಟ್ಟೆ ಒಗೆದಂತೆ ತಿಕ್ಕಿದರೆ ಸಿಕ್ಕು ಗ್ಯಾರಂಟಿ.

ವಾರಕ್ಕೆ ಎಷ್ಟು ಸಲ? ಎಲ್ಲರಿಗೂ ಒಂದೇ ಉತ್ತರ ಇಲ್ಲ. ತಲೆ ಬೇಗ ಜಿಡ್ಡಾಗುವವರು, ಬೆವರುವವರು ದಿನ ಬಿಟ್ಟು ದಿನ, ಬೇಕಿದ್ದರೆ ದಿನವೂ ತೊಳೆಯಬಹುದು. ಒಣ ಅಥವಾ ಗುಂಗುರು ಕೂದಲಿನವರಿಗೆ ಅಷ್ಟು ಬೇಡ. ಗುಂಗುರು ಎಳೆಯ ತಿರುವುಗಳಲ್ಲಿ ಬುಡದ ಜಿಡ್ಡು ತುದಿಯವರೆಗೆ ಇಳಿಯುವುದೇ ಕಷ್ಟ. ನೀರು ಉಗುರುಬೆಚ್ಚಗಿರಲಿ. ಮೈಸೋಪನ್ನು ತಲೆಗೆ ಹಾಕಬೇಡಿ. ಸಾಮಾನ್ಯ ಸೋಪಿನ ಪಿಎಚ್ (ಆಮ್ಲ-ಕ್ಷಾರದ ಅಳತೆ, 7ಕ್ಕಿಂತ ಮೇಲಿದ್ದರೆ ಕ್ಷಾರ) 9ರಿಂದ 10ರ ಆಸುಪಾಸು ಇರುತ್ತದೆ, ಚರ್ಮದ್ದು ಸುಮಾರು 5.5. ಕ್ಷಾರದಲ್ಲಿ ಕೂದಲು ಊದಿ ಪೊರೆಗಳು ಏಳುತ್ತವೆ. ಗಡಸು ನೀರಾದರೆ ಸೋಪು ಅದರೊಂದಿಗೆ ಸೇರಿ ಬಿಳಿ ಪದರವಾಗಿ ಕೂದಲ ಮೇಲೆ ಕೂರುತ್ತದೆ. ಅಡುಗೆ ಸೋಡಾವೂ ಕ್ಷಾರವೇ, ಹಾಗಾಗಿ ಅದರಿಂದ ತಲೆ ತೊಳೆಯುವ ಸಲಹೆಯೂ ಸರಿಯಲ್ಲ.

ಕಂಡಿಷನರ್ ಕೆಲಸ ಮಾಡುವ ರೀತಿ ನನಗೆ ಬಹಳ ಇಷ್ಟ. ಒದ್ದೆ ಕೂದಲಿನ ಮೇಲ್ಮೈಗೆ ಋಣ ವಿದ್ಯುದಂಶ ಇರುತ್ತದೆ. ಹೆಚ್ಚು ಹಾಳಾದ ಜಾಗದಲ್ಲಿ ಅದು ಇನ್ನೂ ಹೆಚ್ಚು. ಕಂಡಿಷನರಿನ ಮುಖ್ಯ ಕಣಗಳಿಗೆ ಧನ ವಿದ್ಯುದಂಶ. ಹಾಗಾಗಿ ಎಲ್ಲಿ ಪೆಟ್ಟಾಗಿದೆಯೋ ಅಲ್ಲಿಗೇ ಅವು ಹೆಚ್ಚಾಗಿ ಹೋಗಿ ಅಂಟುತ್ತವೆ. ಅದರಿಂದ ಗಾಯ ಮಾಯುವುದಿಲ್ಲ, ತಿಕ್ಕಾಟ ತಗ್ಗುತ್ತದೆ. ತಿಕ್ಕಾಟ ತಗ್ಗಿದರೆ ಮುಂದಿನ ಗಾಯಗಳೂ ತಗ್ಗುತ್ತವೆ. ಅದಕ್ಕೇ ಕಂಡಿಷನರನ್ನು ಬರೀ ಅಲಂಕಾರದ ಸಾಮಾನು ಅಂತ ನಾನು ನೋಡುವುದಿಲ್ಲ. ಹಚ್ಚಬೇಕಾದ್ದು ಕೂದಲಿನ ನಡುವಿನಿಂದ ತುದಿಯವರೆಗೆ. ಬುಡಕ್ಕೆ ಹಚ್ಚಿದರೆ ತಲೆ ಬೇಗ ಜಿಡ್ಡಾಗುತ್ತದೆ.

ಎಣ್ಣೆಯ ವಿಷಯದಲ್ಲಿ ಹೊಗಳಿಕೆಯೂ ಅತಿ, ತೆಗಳಿಕೆಯೂ ಅತಿ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಮಿನರಲ್ ಆಯಿಲ್ ಮೂರನ್ನೂ ಹೋಲಿಸಿ ನೋಡಿದ್ದರು. ಕೂದಲಿನಿಂದ ಪ್ರೋಟೀನ್ ಸೋರುವುದನ್ನು ಚೆನ್ನಾಗಿ ತಗ್ಗಿಸಿದ್ದು ತೆಂಗಿನೆಣ್ಣೆ ಒಂದೇ. ಅದರಲ್ಲಿ ಹೆಚ್ಚಾಗಿರುವ ಲಾರಿಕ್ ಆಮ್ಲದ ಕಣ ಚಿಕ್ಕದು, ನೇರವಾದದ್ದು. ಎಳೆಯ ಒಳಗೆ ಇಳಿಯುತ್ತದೆ. ಉಳಿದ ಎರಡು ಎಣ್ಣೆಗಳು ಹೆಚ್ಚಾಗಿ ಮೇಲೇ ಉಳಿದು ನುಣುಪು ಕೊಡುತ್ತವೆ. ತಲೆಸ್ನಾನಕ್ಕೆ ಕೆಲವು ಗಂಟೆ ಮೊದಲು ಕೂದಲಿನ ಉದ್ದಕ್ಕೆ ಎಣ್ಣೆ ಸವರಿದರೆ ನೀರು ಒಳಗೆ ನುಗ್ಗುವುದು ಕಡಿಮೆಯಾಗುತ್ತದೆ, ಎಳೆ ಊದುವುದೂ ಕಡಿಮೆ. ಇಷ್ಟು ಒಳ್ಳೆಯ ಗುಣ ಇದ್ದಮೇಲೆ ಇಲ್ಲದ್ದನ್ನು ಅದರ ಮೇಲೆ ಹೇರಬೇಕಿಲ್ಲ. ಎಣ್ಣೆ ಹಚ್ಚಿದರೆ ಹೊಸ ಕೂದಲು ಹುಟ್ಟುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ.

ತಲೆಹೊಟ್ಟು ಇದ್ದವರು ಇನ್ನೊಂದು ಮಾತು ಗಮನಿಸಬೇಕು. ಹೊಟ್ಟಿಗೂ ಮಲಸೇಜಿಯಾ ಎನ್ನುವ ಶಿಲೀಂಧ್ರಕ್ಕೂ ಸಂಬಂಧ ಇದೆ. ಅದು ಎಲ್ಲರ ತಲೆಯಲ್ಲೂ ಇರುತ್ತದೆ, ಚರ್ಮದ ಕೊಬ್ಬನ್ನೇ ತಿಂದು ಬದುಕುತ್ತದೆ. ಹೊಟ್ಟು ಕಂಡಾಗ 'ತಲೆ ಒಣಗಿದೆ' ಅಂದುಕೊಂಡು ಬುಡಕ್ಕೆ ಎಣ್ಣೆ ಸುರಿದರೆ ಅದಕ್ಕೆ ಇನ್ನಷ್ಟು ಊಟ ಹಾಕಿದಂತೆ. ಶಿಲೀಂಧ್ರ ತಡೆಯುವ ಕೀಟೋಕೊನಝೋಲ್ ಎಂಬ ಔಷಧ ಇರುವ ಶಾಂಪೂ ಹಾಕಿ 3ರಿಂದ 5 ನಿಮಿಷ ಬಿಟ್ಟು ತೊಳೆಯುವುದು ಸರಿಯಾದ ದಾರಿ. ಹಾಕಿದ ಕೂಡಲೇ ತೊಳೆದುಬಿಟ್ಟರೆ ಔಷಧಕ್ಕೆ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ.

ಬಿಸಿ ಮತ್ತು ಕೆಮಿಕಲ್

ಹೇರ್ ಡ್ರೈಯರ್ ಕೆಟ್ಟದ್ದು, ತಾನಾಗೇ ಒಣಗಿಸುವುದೇ ಒಳ್ಳೆಯದು ಅಂತ ಸಾಮಾನ್ಯವಾಗಿ ಹೇಳುತ್ತಾರೆ. 2011ರಲ್ಲಿ ಕೊರಿಯಾದ ಸಂಶೋಧಕರು ಇದನ್ನು ಪರೀಕ್ಷಿಸಿದರು. ಡ್ರೈಯರ್ ಹತ್ತಿರವಾದಷ್ಟೂ ಬಿಸಿ ಏರಿತು. 15 ಸೆಂ.ಮೀ. ದೂರದಲ್ಲಿ ಸುಮಾರು 47 ಡಿಗ್ರಿ, 5 ಸೆಂ.ಮೀ.ಗೆ ತಂದಾಗ ಸುಮಾರು 95 ಡಿಗ್ರಿ. ಬಿಸಿ ಏರಿದಂತೆ ಹೊರಗಿನ ಪೊರೆಗೆ ಹಾನಿಯೂ ಏರಿತು. ಆದರೆ ತಾನಾಗೇ ಒಣಗಲು ಬಿಟ್ಟ ಕೂದಲಿನಲ್ಲಿ ಮಾತ್ರ, ಪೊರೆಗಳನ್ನು ಒಳಗಡೆ ಬೆಸೆದಿಡುವ ಪದರ ಹಾಳಾಗಿತ್ತು. ಹೆಚ್ಚು ಹೊತ್ತು ಒದ್ದೆಯಾಗಿ ಊದಿಕೊಂಡಿದ್ದುದೇ ಇದಕ್ಕೆ ಕಾರಣ ಇರಬಹುದು ಎಂದು ಅವರು ಹೇಳಿದರು. ಇದನ್ನು ಓದಿ ಯಾರೂ ಡ್ರೈಯರ್ ಕೊಳ್ಳಬೇಕಿಲ್ಲ. ಬಳಸುವವರು ಒಂದು ಗೇಣಿನಷ್ಟು ದೂರ ಹಿಡಿದು, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಿ. ಬಳಸದವರು ದಟ್ಟ ಕೂದಲನ್ನು ಒದ್ದೆಯಾಗೇ ಗಂಟೆಗಟ್ಟಲೆ ಸುತ್ತಿಟ್ಟುಕೊಳ್ಳಬೇಡಿ.

ಸ್ಟ್ರೈಟ್ನರಿನದು ಬೇರೆ ಮಟ್ಟದ ಬಿಸಿ. ಅದು 200 ಡಿಗ್ರಿ ದಾಟಬಲ್ಲದು, ಆ ಬಿಸಿಗೆ ಕೆರಾಟಿನ್ನಿನ ರಚನೆಯೇ ಕೆಡತೊಡಗುತ್ತದೆ. ಒದ್ದೆ ಕೂದಲಿಗೆ ಅದನ್ನು ಒತ್ತಿದರೆ ಇನ್ನೂ ಕೆಟ್ಟದ್ದು. ಎಳೆಯ ಒಳಗಿನ ನೀರು ಒಮ್ಮೆಲೇ ಹಬೆಯಾಗಿ ಉಬ್ಬಿ ಗುಳ್ಳೆ ಮಾಡುತ್ತದೆ. ಚರ್ಮದ ವೈದ್ಯರು ಇದನ್ನು 'ಬಬಲ್ ಹೇರ್' ಎನ್ನುತ್ತಾರೆ. ಗುಳ್ಳೆ ಬಂದ ಜಾಗದಲ್ಲೇ ಕೂದಲು ಮುರಿಯುತ್ತದೆ. ಪೂರ್ತಿ ಒಣಗಿದ ಕೂದಲು, ಕೆಲಸ ಆಗುವಷ್ಟೇ ಕಡಿಮೆ ಬಿಸಿ, ಒಂದು ಜಾಗಕ್ಕೆ ಒಂದೇ ಸಲ. ಇಷ್ಟು ಪಾಲಿಸಿ. ಬಿಸಿಯಿಂದ ಕಾಪಾಡುವ ಸ್ಪ್ರೇ ಕೂದಲಿಗೆ ತೆಳು ಹೊದಿಕೆ ಹಾಕಿ ಬಿಸಿ ಏರುವುದನ್ನು ನಿಧಾನ ಮಾಡುತ್ತದೆ, ಪೂರ್ತಿ ತಡೆಯುವುದಿಲ್ಲ.

ಬ್ಲೀಚ್ ಅತಿ ದೊಡ್ಡ ಪೆಟ್ಟು. ಕಾರ್ಟೆಕ್ಸಿನೊಳಗಿನ ಮೆಲನಿನ್ ಎಂಬ ಬಣ್ಣವನ್ನು ಕರಗಿಸಲು ಹೈಡ್ರೋಜನ್ ಪೆರಾಕ್ಸೈಡ್ ಒಳಗೆ ಹೋಗಲೇಬೇಕು. ಹೋದಾಗ ಬಣ್ಣದ ಜೊತೆ ಡೈಸಲ್ಫೈಡ್ ಬಂಧಗಳನ್ನೂ ಮುರಿಯುತ್ತದೆ. ಇರುವ ಬಣ್ಣಕ್ಕಿಂತ ಗಾಢ ಬಣ್ಣ ಹಚ್ಚುವುದರಲ್ಲಿ ಹಾನಿ ಕಡಿಮೆ, ತಿಳಿ ಬಣ್ಣಕ್ಕೆ ಹೋಗುವುದರಲ್ಲಿ ಜಾಸ್ತಿ. ಬಣ್ಣ ಹಚ್ಚುವವರು ಪ್ರತಿ ಸಲ ಪೂರ್ತಿ ಉದ್ದಕ್ಕೆ ಹಚ್ಚದೆ, ಹೊಸದಾಗಿ ಬೆಳೆದ ಬುಡಕ್ಕೆ ಮಾತ್ರ ಹಚ್ಚಿದರೆ ಹಳೇ ತುದಿಗೆ ಪೆಟ್ಟಿನ ಮೇಲೆ ಪೆಟ್ಟು ಬೀಳುವುದಿಲ್ಲ. ಕೂದಲು ನೇರ ಮಾಡುವ ಕೆಲವು ಸಲೂನ್ ಚಿಕಿತ್ಸೆಗಳು ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಎಂಬ ಅನಿಲ ಬಿಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತು ಎಂದು ಗುರುತಿಸಿದೆ. ಮಾಡಿಸಿಕೊಳ್ಳುವ ಮೊದಲು ಡಬ್ಬದ ಮೇಲೆ ಏನೇನಿದೆ ಅಂತ ಕೇಳಿ ಓದಿ. ಕೇಳಲು ಸಂಕೋಚ ಬೇಡ, ಆ ಹಬೆ ಕುಡಿಯುವವರು ನೀವು.

ಬಿಸಿಲು ಕೂಡ ಬಣ್ಣವನ್ನೂ ಪ್ರೋಟೀನನ್ನೂ ನಿಧಾನವಾಗಿ ಕೆಡಿಸುತ್ತದೆ. ಟೋಪಿಯೋ ಬಟ್ಟೆಯೋ ಸಾಕು. ಈಜುಕೊಳಕ್ಕೆ ಇಳಿಯುವ ಮೊದಲು ಕೂದಲನ್ನು ಒಳ್ಳೆಯ ನೀರಿನಲ್ಲಿ ನೆನೆಸಿಕೊಳ್ಳಿ. ಆಗಲೇ ನೀರು ಕುಡಿದ ಕೂದಲು ಕ್ಲೋರಿನ್ ನೀರನ್ನು ಕಡಿಮೆ ಹೀರುತ್ತದೆ.

ಕಟ್ಟುವುದೂ ಒಂದು ಅಭ್ಯಾಸ

ಇಲ್ಲಿಯವರೆಗೆ ಹೇಳಿದ್ದು ಎಳೆಯ ಹಾನಿ. ಬಿಗಿಯಾಗಿ ಕಟ್ಟುವುದರಿಂದ ಆಗುವುದು ಬುಡದ ಹಾನಿ, ಅದಕ್ಕೇ ಅದು ಹೆಚ್ಚು ಗಂಭೀರ. ಬಿಗಿ ಜುಟ್ಟು, ಬಿಗಿ ಜಡೆ, ತೂಕದ ಕೃತಕ ಕೂದಲು ದಿನಾ ಎಳೆಯುತ್ತಿದ್ದರೆ ಹಣೆಯ ಅಂಚಿನಲ್ಲಿ, ಕಿವಿಯ ಮೇಲ್ಭಾಗದಲ್ಲಿ ಕೂದಲು ತೆಳ್ಳಗಾಗುತ್ತದೆ. ಶುರುವಿನಲ್ಲೇ ನಿಲ್ಲಿಸಿದರೆ ಮತ್ತೆ ಬೆಳೆಯುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಫಾಲಿಕಲ್ ಸತ್ತು ಅಲ್ಲಿ ಶಾಶ್ವತವಾಗಿ ಕೂದಲು ಹೋಗುತ್ತದೆ. ಕಟ್ಟಿದಾಗ ನೋಯುತ್ತಿದ್ದರೆ ಅದು ಬಿಗಿ ಜಾಸ್ತಿಯಾಗಿದೆ ಎನ್ನುವ ಸೂಚನೆ. ಮಕ್ಕಳು 'ನೋಯ್ತಿದೆ' ಅಂದಾಗ ದಯವಿಟ್ಟು ಸಡಿಲ ಮಾಡಿ. ಕಟ್ಟುವ ಜಾಗವನ್ನು ದಿನ ದಿನ ಬದಲಾಯಿಸಿ. ಬರೀ ರಬ್ಬರ್ ಬ್ಯಾಂಡ್ ಬೇಡ, ಬಟ್ಟೆ ಸುತ್ತಿದ್ದು ಇರಲಿ. ರಾತ್ರಿ ಸಡಿಲ ಜಡೆ ಹಾಕಿ ಮಲಗಿದರೆ ಬೆಳಗ್ಗೆ ಸಿಕ್ಕು ಕಡಿಮೆ.

ಉದುರುತ್ತಿದೆಯೋ, ಮುರಿಯುತ್ತಿದೆಯೋ?

'ಕೂದಲು ಉದುರುತ್ತಿದೆ' ಎನ್ನುವವರಲ್ಲಿ ಹಲವರದು ನಿಜವಾಗಿ ಮುರಿಯುವ ಸಮಸ್ಯೆ. ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಬೆಳಕಿಗೆ ಹಿಡಿದು ನೋಡಿ. ಒಂದು ತುದಿಯಲ್ಲಿ ಪುಟ್ಟ ಬಿಳಿ ಗುಂಡು ಇದ್ದು, ಎಳೆ ಪೂರ್ತಿ ಉದ್ದ ಇದ್ದರೆ ಅದು ಬುಡದಿಂದ ಉದುರಿದ್ದು. ಗುಂಡು ಇಲ್ಲದೆ ಚಿಕ್ಕಚಿಕ್ಕ ತುಂಡುಗಳಿದ್ದರೆ ಮುರಿದದ್ದು. ಮುರಿಯುತ್ತಿದ್ದರೆ ಮೇಲೆ ಹೇಳಿದ ಅಭ್ಯಾಸಗಳನ್ನು ಸರಿಮಾಡಿಕೊಳ್ಳಿ. ಬುಡದಿಂದ ಉದುರುತ್ತಿದ್ದರೆ ಶಾಂಪೂ ಬದಲಾಯಿಸಿ ಪ್ರಯೋಜನ ಇಲ್ಲ.

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ತಲೆಯಲ್ಲಿ ಸುಮಾರು 1 ಲಕ್ಷ ಕೂದಲಿವೆ. ಪ್ರತಿಯೊಂದೂ 2ರಿಂದ 7 ವರ್ಷ ಬೆಳೆದು, ಆಮೇಲೆ ಸುಮಾರು 3 ತಿಂಗಳು ವಿಶ್ರಾಂತಿಯಲ್ಲಿದ್ದು ಉದುರುತ್ತದೆ. ಜೋರು ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ಊಟ ಬಿಟ್ಟು ತೂಕ ಇಳಿಸುವುದು, ದೊಡ್ಡ ಮಾನಸಿಕ ಆಘಾತ ಇಂಥದ್ದು ಆದಾಗ ಒಮ್ಮೆಲೇ ತುಂಬ ಕೂದಲು ವಿಶ್ರಾಂತಿಗೆ ಹೋಗುತ್ತದೆ. ಅದು ಉದುರುವುದು 2-3 ತಿಂಗಳ ಮೇಲೆ. ಅಷ್ಟರಲ್ಲಿ ಜ್ವರ ಮರೆತೇಹೋಗಿರುತ್ತದೆ, ಹೊಸ ಶಾಂಪೂವನ್ನೋ ನೀರನ್ನೋ ಬೈಯುತ್ತೇವೆ. ಈ ಬಗೆಯ ಉದುರುವಿಕೆ ಹೆಚ್ಚಿನವರಲ್ಲಿ ಕೆಲವು ತಿಂಗಳಲ್ಲಿ ತಾನಾಗೇ ನಿಲ್ಲುತ್ತದೆ.

ಕಬ್ಬಿಣದ ಕೊರತೆ, ಪ್ರೋಟೀನ್ ಕೊರತೆ, ಥೈರಾಯ್ಡ್ ತೊಂದರೆಗಳಲ್ಲೂ ಕೂದಲು ಉದುರುತ್ತದೆ. ಇವು ರಕ್ತಪರೀಕ್ಷೆಯಲ್ಲಿ, ಊಟದ ವಿಚಾರಣೆಯಲ್ಲಿ ಗೊತ್ತಾಗುತ್ತವೆ. ಅದನ್ನು ಬಿಟ್ಟು ಸುಮ್ನೆ ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗುವುದರಿಂದ ಉಪಯೋಗ ಕಾಣೆ. ಅದರ ಕೊರತೆ ಇರುವವರೇ ಅಪರೂಪ. ಮೇಲಾಗಿ ಹೆಚ್ಚು ಬಯೋಟಿನ್ ತೆಗೆದುಕೊಂಡರೆ ಕೆಲವು ರಕ್ತಪರೀಕ್ಷೆಗಳ ಫಲಿತಾಂಶ ತಪ್ಪಾಗಬಹುದು. ಹೃದಯಾಘಾತ ಪತ್ತೆ ಮಾಡುವ ಪರೀಕ್ಷೆಯೂ ಅದರಲ್ಲಿ ಸೇರಿದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಎಚ್ಚರಿಸಿತ್ತು. ವಿಟಮಿನ್ ಎ, ಸೆಲೆನಿಯಂ ಅತಿಯಾದರೆ ಕೂದಲು ಇನ್ನೂ ಉದುರುತ್ತದೆ.

ಕೆಲವು ಲಕ್ಷಣಗಳಿಗೆ ಮನೆಯಲ್ಲಿ ಪ್ರಯೋಗ ಮಾಡುತ್ತಾ ಕೂರಬಾರದು. ದುಂಡಗೆ ಒಂದು ಕಡೆ ಪೂರ್ತಿ ಬೋಳಾಗುವುದು, ಬೈತಲೆ ದಿನೇ ದಿನೇ ಅಗಲವಾಗುವುದು, ಮಗುವಿನ ತಲೆಯಲ್ಲಿ ಹೊಪ್ಪಳೆ ಎದ್ದು ಕೂದಲು ತುಂಡಾಗುವುದು, ಉದುರಿದ ಜಾಗದಲ್ಲಿ ನೋವು, ಉರಿ, ಕೆಂಪು ಇರುವುದು. ಕೊನೆಯದ್ದಕ್ಕಂತೂ ಚರ್ಮದ ವೈದ್ಯರನ್ನು ಬೇಗ ಕಾಣಬೇಕು. ಕೂದಲು ಉದುರಿದ ಜಾಗದ ಚರ್ಮ ಸಣ್ಣ ರಂಧ್ರಗಳೂ ಕಾಣದಷ್ಟು ನುಣ್ಣಗೆ ಹೊಳೆಯುತ್ತಿದ್ದರೆ ಒಳಗೆ ಕಲೆಗಟ್ಟಿ ಫಾಲಿಕಲ್‌ಗಳು ಸಾಯುತ್ತಿರಬಹುದು. ಸತ್ತ ಫಾಲಿಕಲ್‌ಗಳನ್ನು ಮತ್ತೆ ತರಲು ಆಗುವುದಿಲ್ಲ, ಬೇಗ ಚಿಕಿತ್ಸೆ ಶುರುವಾದರೆ ಉಳಿದವನ್ನು ಕಾಪಾಡಿಕೊಳ್ಳಬಹುದು.